ಕದ್ದ ನೆರಳು, ಕಾಣದ ಬೆರಳು

ಬಹಳ ಹಿಂದೇನಲ್ಲ, ಬಹಳ ದೂರವೂ ಅಲ್ಲ, ಗಾಜಿನ ಪರದೆಯೊಂದರ ಒಳಗೆ ಹವಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಬೆಟ್ಟವಿತ್ತು, ಹೊಳೆಯಿತ್ತು, ಹೊಲವಿತ್ತು. ರಾಜನಿದ್ದ, ರಾಣಿಯಿದ್ದಳು, ಹಟ್ಟಿಗಳಲ್ಲಿ ಕುರಿಗಳಿದ್ದವು. ನೆರಳೊಂದು ಮಾತ್ರ ಇರಲಿಲ್ಲ.

ನೆರಳನ್ನು ಕದ್ದವನು ಕಾರಿರುಳ ಎಂಬ ಮಾಂತ್ರಿಕ. ಒಂದು ಬೇಸಗೆಯ ಮಧ್ಯಾಹ್ನ ಅವನು ರಾಜ್ಯದ ಉದ್ದಕ್ಕೂ ನಡೆದುಹೋದ. ಚಾಪೆ ಸುತ್ತುವ ಹಾಗೆ ಮರಗಳ ನೆರಳನ್ನು ಸುತ್ತಿದ, ಗೋಡೆಗಳ ನೆರಳನ್ನು ಸುತ್ತಿದ, ದನಕರುಗಳ ನೆರಳನ್ನೂ ಮನುಷ್ಯರ ನೆರಳನ್ನೂ ಬಿಡದೆ ಸುತ್ತಿ ಬಗಲಲ್ಲಿಟ್ಟುಕೊಂಡ. ಉತ್ತರದ ಬಯಲಿಗೆ ಹೋಗಿ, ಆ ನೆರಳಿನಿಂದಲೇ ಕೋಟೆ ಕಟ್ಟಿಕೊಂಡು ತಂಪಾಗಿ ಕುಳಿತ. ಅಂದಿನಿಂದ ಹವಳಾವತಿಯಲ್ಲಿ ಆಲದ ಮರದ ಕೆಳಗೂ ಬಿಸಿಲು, ಮನೆಯ ನಡುಮನೆಯಲ್ಲೂ ಬಿಸಿಲು. ತಾಯಂದಿರು ಕೂಸುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದರು. ಎತ್ತುಗಳು ಉಳುವ ಸಾಲಿನ ನಡುವೆಯೇ ನಿಂತುಬಿಡುತ್ತಿದ್ದವು.

ರಾಜ್ಯದ ತೆಂಕಣ ತುದಿಯಲ್ಲಿ ಗರಿಹಳ್ಳಿ. ಅಲ್ಲಿ ಸಿಂಗಣ ಎಂಬ ಯುವಕ ಚಪ್ಪರ ಹಾಕಿ ಬದುಕುತ್ತಿದ್ದ. ಮದುವೆಗೆ ಚಪ್ಪರ, ಸಂತೆಗೆ ಚಪ್ಪರ, ಬಾಣಂತಿಯ ಕೋಣೆಯ ಮುಂದೆ ಚಪ್ಪರ. ನೆರಳೇ ಬೀಳದ ಮೇಲೆ ಚಪ್ಪರ ಯಾರಿಗೆ ಬೇಕು? ಅವನು ಕೆಲಸವಿಲ್ಲದೆ ಜಗಲಿಯ ಮೇಲೆ ಕುಳಿತಿರುತ್ತಿದ್ದ. ಅವನನ್ನು ಸಾಕಿದವಳು ಅಕ್ಕ ಚಂದಲೆ. ಗಂಡನನ್ನು ಕಳೆದುಕೊಂಡವಳು, ಮಾತು ಕಡಿಮೆ, ಕೆಲಸ ಜಾಸ್ತಿ. ಎರಡು ಮನೆ ದಾಟಿದರೆ ಅವಳ ಮನೆ.

ಪರದೆಯ ಹೊರಗೆ, ನಮ್ಮ ನಿಮ್ಮ ಊರಿನಂಥದೇ ಒಂದು ಊರಲ್ಲಿ, ವಾಗ್ದೇವಿ ಎಂಬ ಹೆಂಗಸು ಔಷಧಿ ಅಂಗಡಿ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಾಗಿಲನ್ನು ಅರ್ಧ ಎಳೆದು ಅವಳು ವಿಡಿಯೋ ಗೇಮ್ ಆಡುತ್ತಿದ್ದಳು. ಅವಳು ಆಡುತ್ತಿದ್ದ ಆಟವೇ ಹವಳಾವತಿ. ಆಟದ ನಾಯಕನೇ ಸಿಂಗಣ. ಅವಳು ಗುಂಡಿ ಒತ್ತಿದರೆ ಅವನ ಕಾಲು ಏಳುತ್ತಿತ್ತು, ಕೈ ಬೀಸುತ್ತಿತ್ತು. ಇದು ಅವನಿಗೆ ಗೊತ್ತಿರಲಿಲ್ಲ. ಅವನಿಗೂ ಒಂದು ಜೀವವಿದೆ, ಒಬ್ಬ ಅಕ್ಕ ಇದ್ದಾಳೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಒಂದು ದಿನ ಜಗಲಿಯ ಮೇಲಿದ್ದ ಸಿಂಗಣ ಎದ್ದು ನಿಂತ. ಯಾಕೆ ಎದ್ದೆ ಎಂದು ಅವನಿಗೇ ತಿಳಿಯಲಿಲ್ಲ. ಬೆನ್ನ ಹಿಂದೆ ಕಾಣದ ಬೆರಳೊಂದು ನೂಕಿದ ಹಾಗಾಯಿತು. ಕಾಲುಗಳು ತಾವಾಗಿಯೇ ನಡೆದವು, ಅಕ್ಕನ ಮನೆಗೆ ಹೋದವು, ಕೇಳದೆ ಕರೆಯದೆ ಹೊಸ್ತಿಲು ದಾಟಿದವು. ಮೂಲೆಯಲ್ಲಿ ಸಾಲಾಗಿ ಮಡಕೆಗಳಿದ್ದವು. ಅವನ ಕೈ ಒನಕೆಯನ್ನು ತೆಗೆದುಕೊಂಡು ಒಂದೊಂದೇ ಮಡಕೆಯನ್ನು ಒಡೆಯಿತು. ಬಿತ್ತನೆಯ ರಾಗಿ ನೆಲದ ತುಂಬ ಹರಡಿತು. ಒಂದು ಮಡಕೆಯ ತಳದಲ್ಲಿದ್ದ ತಾಮ್ರದ ಕಾಸುಗಳನ್ನೂ, ಗೂಡಿನಲ್ಲಿದ್ದ ನೋವಿನೆಣ್ಣೆಯ ಕುಪ್ಪಿಯನ್ನೂ ಕೈ ಎತ್ತಿ ಚೀಲಕ್ಕೆ ಹಾಕಿತು. ಆ ಚೀಲ ಎಲ್ಲಿಂದ ಹೆಗಲಿಗೆ ಬಂತೋ ಗೊತ್ತಿಲ್ಲ. ಅದಕ್ಕೆ ತಳವಿದ್ದ ಹಾಗೆ ಕಾಣಲಿಲ್ಲ. ಆಮೇಲೆ ಬಾಯಿ ತಾನಾಗಿ ತೆರೆದು, ಉತ್ತರಕ್ಕೆ ದಾರಿ ಯಾವುದು ಎಂದು ಅಕ್ಕನನ್ನು ಕೇಳಿತು. ಅವಳು ಬೆರಗಾಗಿ ದಾರಿ ಹೇಳಿದಳು. ಬಾಯಿ ಮತ್ತೆ ಅದನ್ನೇ ಕೇಳಿತು. ಅವಳು ಮತ್ತೆ ಹೇಳಿದಳು. ಮೂರನೆಯ ಸಲ ಕೇಳಿದಾಗ ಅವಳು ಹಿಂದೆ ಹಿಂದೆ ಸರಿದಳು.

ಅಷ್ಟರಲ್ಲಿ ಪರದೆಯ ಹೊರಗೆ ಯಾರೋ ಗಿರಾಕಿ ಬಂದಿರಬೇಕು, ಬೆರಳು ಸಡಿಲವಾಯಿತು. ಸಿಂಗಣ ಕೈಯಲ್ಲಿದ್ದ ಒನಕೆಯನ್ನು ನೋಡಿದ, ನೆಲ ನೋಡಿದ.

"ಯಾಕೋ ಹೀಗೆ ಮಾಡಿದೆ?" ಎಂದು ಚಂದಲೆ ಕೇಳಿದಳು.

"ಗೊತ್ತಿಲ್ಲ ಅಕ್ಕ. ಕೈ ನನ್ನದಾಗಿರಲಿಲ್ಲ."

"ಕೈ ಯಾರದ್ದಾದರೂ ಆಗಿರಲಿ ಸಿಂಗಣ, ಒಡೆದದ್ದು ನನ್ನ ಬಿತ್ತನೆ ಮಡಕೆ."

ಅವನು ಬಗ್ಗಿ ರಾಗಿಯನ್ನು ಬಾಚತೊಡಗಿದ. ಬೊಗಸೆ ತುಂಬುವ ಮೊದಲೇ ಬೆರಳು ಮತ್ತೆ ನೂಕಿತು. ರಾಗಿ ಬೆರಳ ಸಂದಿಯಿಂದ ಸೋರಿಹೋಯಿತು. ಅವನು ಪಕ್ಕದ ಮನೆಗೆ ಹೋದ, ಅದರ ಪಕ್ಕದ ಮನೆಗೆ ಹೋದ, ಹೀಗೆ ಇಡೀ ಗರಿಹಳ್ಳಿಯ ಮಡಕೆಗಳನ್ನು ಒಡೆದ, ಪೆಟ್ಟಿಗೆಗಳನ್ನು ತೆರೆದ.

ಜನ ಕೋಪ ಮಾಡಿಕೊಳ್ಳಬೇಕಿತ್ತು. ಆದರೆ ಅದೇ ದಿನ ರಾಜನ ಡಂಗೂರದವನು ಬಂದು, ಜೋಯಿಸರು ನೋಡಿದ ಲಕ್ಷಣಗಳೆಲ್ಲ ಈ ಸಿಂಗಣನಲ್ಲಿ ಕಂಡಿವೆ, ಕಾರಿರುಳನನ್ನು ಗೆದ್ದು ನೆರಳು ತರುವ ವೀರ ಇವನೇ ಎಂದು ಸಾರಿದ. ರಾಜ ಅವನಿಗೊಂದು ಕತ್ತಿ ಕಳುಹಿಸಿದ್ದ. ಜನರಿಗೆ ಏನೂ ತೋಚಲಿಲ್ಲ. ವೀರರು ಹೀಗೆಯೇ ಇರುತ್ತಾರೇನೋ ಎಂದುಕೊಂಡು ಒಡೆದ ಮಡಕೆಯ ಬೋಕಿಗಳನ್ನು ಗುಡಿಸಿದರು. ಚಂದಲೆ ಮಾತ್ರ ಬೀಳ್ಕೊಡಲು ಬರಲಿಲ್ಲ.

ಸಿಂಗಣ ಉತ್ತರಕ್ಕೆ ನಡೆದ. ಮೊದಲು ಸಿಕ್ಕಿದ್ದು ಸೋನೆಹೊಳೆ. ಹೊಳೆಯಲ್ಲಿ ಬೀದಿಯಷ್ಟು ಉದ್ದದ ಮಾಯಾಮೊಸಳೆ ಇತ್ತು. ಅದರ ಭಯಕ್ಕೆ ಈ ದಡದವರು ಆ ದಡ ನೋಡಿರಲಿಲ್ಲ, ಆ ದಡದವರು ಈ ದಡ ನೋಡಿರಲಿಲ್ಲ. ಬೆರಳು ಅವನನ್ನು ನೀರಿಗಿಳಿಸಿತು. ಮೊಸಳೆ ನುಂಗಿತು. ಕಣ್ಣು ಬಿಟ್ಟರೆ ಅವನು ದಡದ ಕಲ್ಲುಮಂಟಪದಲ್ಲಿ ಮಲಗಿದ್ದ, ಮೈಮೇಲೆ ಗಾಯದ ಗುರುತೂ ಇರಲಿಲ್ಲ. ಬೆರಳು ಮತ್ತೆ ಇಳಿಸಿತು, ಮೊಸಳೆ ಮತ್ತೆ ನುಂಗಿತು. ಮೂರನೆಯ ಸಲ ಕತ್ತಿ ಅದರ ಗಂಟಲನ್ನು ಸೀಳಿತು. ಹೊಳೆ ಕೆಂಪಾಯಿತು. ತೆಂಕಣ ದಡದ ಜನ ಕುಣಿದರು, ಅವನ ಹೆಸರು ಕೂಗಿದರು. ಹಿಂದೆ ತಿರುಗಿ ಅವರನ್ನೊಮ್ಮೆ ನೋಡಬೇಕೆಂದು ಅವನಿಗೆ ಆಸೆಯಾಯಿತು. ಬೆರಳು ಮುಂದಕ್ಕೆ ನೂಕಿತು.

ಆಚೆ ದಡದಲ್ಲೊಂದು ಹುಣಸೆ ತೋಪು. ಕಾರಿರುಳನ ಕೈ ಅದೊಂದನ್ನು ಮರೆತಿತ್ತು. ಇಡೀ ರಾಜ್ಯದಲ್ಲಿ ನೆರಳು ಉಳಿದಿದ್ದುದು ಅಲ್ಲಿ ಮಾತ್ರ. ಆ ಊರಿನ ಹಿರಿಯಳು ಸೋಮವ್ವ. ಅವಳು ಅವನ ಮುಖ ನೋಡಿ, ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಹೋಗಪ್ಪ ಎಂದಳು. ಎಷ್ಟೋ ಕಾಲದ ಮೇಲೆ ನೆರಳು ನೋಡಿದ ಸಿಂಗಣನ ಕಣ್ಣಲ್ಲಿ ನೀರು ಬಂತು. ಆದರೆ ಕಾಲು ನಿಲ್ಲಲಿಲ್ಲ.

ಹೊಳೆಯಾದ ಮೇಲೆ ಬೆಟ್ಟ. ಬೆಟ್ಟದ ತುದಿಯಲ್ಲಿ ಎರಡು ತಲೆಯ ಗಂಡಭೇರುಂಡ ಪಕ್ಷಿಯ ಗೂಡು. ಪಕ್ಷಿ ಮೇವಿಗೆ ಹೋಗಿತ್ತು. ಗೂಡಿನಲ್ಲಿ ಹೊಂಬಣ್ಣದ ಒಂದೇ ಒಂದು ಮೊಟ್ಟೆ ಇತ್ತು. ಅದು ದಾರಿಗೆ ಅಡ್ಡವಿರಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ. ಆದರೂ ಕೈ ಅದನ್ನೆತ್ತಿ ಚೀಲಕ್ಕೆ ಹಾಕಿತು. ಬೆಟ್ಟ ಇಳಿಯುವಾಗ ಹಿಂದಿನಿಂದ ಎರಡು ಗಂಟಲಿನ ಒಂದು ಕೂಗು ಕೇಳಿಸಿತು. ಆದರೆ ಈ ಹೊತ್ತಿಗೆ ಅವನಿಗೊಂದು ಸಮಾಧಾನ ರೂಢಿಯಾಗಿತ್ತು. ನಾನೇನು ಮಾಡಲಿ, ನೂಕುವ ಬೆರಳು ಬೇರೆಯವರದು, ಎಂದುಕೊಳ್ಳುತ್ತಿದ್ದ. ಹೊಣೆ ಬೆರಳಿನದು, ಹೆಸರು ತನ್ನದು. ನಿಜ ಹೇಳಬೇಕೆಂದರೆ ಅದು ಅವನಿಗೆ ಹಗುರವಾಗಿಯೇ ಇತ್ತು.

ಕೊನೆಗೆ ಉತ್ತರದ ಬಯಲು ಬಂತು, ಕೋಟೆ ಬಂತು. ಕಲ್ಲಿಲ್ಲ, ಮಣ್ಣಿಲ್ಲ, ಪದರ ಪದರ ನೆರಳೇ ಗೋಡೆಯಾಗಿ ನಿಂತಿತ್ತು. ಸಿಂಗಣನ ಕೈ ಕತ್ತಿ ಬೀಸಿತು. ನೀರಿನಲ್ಲಿ ಕೋಲಾಡಿಸಿದ ಹಾಗೆ ಕತ್ತಿ ಆಚೆಗೆ ಹೋಗಿ ಈಚೆಗೆ ಬಂತು. ಕತ್ತಲು ಅವನನ್ನು ನುಂಗಿ ಉಗುಳಿತು. ಕೋಟೆಯೆದುರಿನ ಕಲ್ಲುಮಂಟಪದಲ್ಲಿ ಎದ್ದ, ಮತ್ತೆ ಬೀಸಿದ, ಮತ್ತೆ ಎದ್ದ. ಎಷ್ಟು ಸಲ ಎಂದು ಅವನು ಲೆಕ್ಕ ಮರೆತ. ಬೀಳುವುದು ಎಲ್ಲಿ, ಏಳುವುದು ಎಲ್ಲಿ, ಇದು ನಿನ್ನೆಯೋ ಇವತ್ತೋ ಒಂದೂ ತಿಳಿಯದೆ ಅವನ ತಲೆ ಗಿರ್ರೆಂದಿತು.

ಒಂದು ಸಲ ಬೆರಳು ವಿಶ್ರಮಿಸಿದ್ದಾಗ ಕೋಟೆಯ ಬಾಗಿಲು ತೆರೆಯಿತು. ಕಾರಿರುಳ ಹೊರಗೆ ಬಂದ. ಎತ್ತರದ ಆಳು. ಮುಖ ಎಲ್ಲಿ ಮುಗಿಯುತ್ತದೆ, ಕತ್ತಲು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಕಾಲಲ್ಲಿ ಮಾತ್ರ ನಮ್ಮ ನಿಮ್ಮಂಥವರು ಹಾಕುವ ಸಾದಾ ಚಪ್ಪಲಿ. ಅವನು ಮಂಟಪದ ಮೆಟ್ಟಿಲ ಮೇಲೆ ನೆಂಟನ ಹಾಗೆ ಕುಳಿತುಕೊಂಡ.

"ದಣಿದೆಯಾ ವೀರ? ಹಿಂದೆ ತಿರುಗಿ ನೋಡಿದ್ದೀಯಾ ಒಂದು ಸಲವಾದರೂ? ಈಗ ನೋಡು" ಎಂದ.

ಆ ಮಂಟಪದಿಂದ ಇಡೀ ಹವಳಾವತಿ ಕಾಣುತ್ತಿತ್ತು. ಸಿಂಗಣ ನೋಡಿದ. ಬೆಟ್ಟದ ಸುತ್ತಲಿನ ಊರುಗಳಲ್ಲಿ ಒಂದು ಮನೆಗೂ ಸೂರಿರಲಿಲ್ಲ. ಗಂಡಭೇರುಂಡ ತನ್ನ ಮೊಟ್ಟೆಯನ್ನು ಹುಡುಕುತ್ತಾ ಎಲ್ಲ ಮನೆಗಳ ಸೂರನ್ನೂ ಕಿತ್ತೆಸೆದಿತ್ತು. ಸೋನೆಹೊಳೆಯಲ್ಲಿ ಮೊಸಳೆ ಹೋದ ಮೇಲೆ ತೆಂಕಣದ ಜನ ಹಿಂಡುಹಿಂಡಾಗಿ ಹುಣಸೆ ತೋಪಿಗೆ ನುಗ್ಗಿದ್ದರು. ಸೋಮವ್ವನ ಊರಿನವರು ಅಡ್ಡಗೋಡೆ ಎಬ್ಬಿಸಿದ್ದರು. ಗೋಡೆಯ ಎರಡೂ ಕಡೆಯಿಂದ ಕಲ್ಲುಗಳು ಹಾರುತ್ತಿದ್ದವು. ತೀರಾ ದೂರದಲ್ಲಿ ಗರಿಹಳ್ಳಿ. ಅಲ್ಲಿ ಹರೆಯದವರು ತಲೆಗೆ ಪಟ್ಟಿ ಕಟ್ಟಿಕೊಂಡು, ನಾವೂ ವೀರರು ಎನ್ನುತ್ತಾ, ಕೇಳದೆ ಕರೆಯದೆ ಮನೆಮನೆಗೂ ನುಗ್ಗಿ ಮಡಕೆ ಒಡೆಯುತ್ತಿದ್ದರು.

"ನಾನು ತೆಗೆದುಕೊಂಡದ್ದು ಬರೀ ನೆರಳು" ಎಂದ ಕಾರಿರುಳ. "ಉಳಿದದ್ದನ್ನೆಲ್ಲ ತೆಗೆದುಕೊಂಡವನು ನೀನು. ಜನ ನಿನ್ನನ್ನು ವೀರ ಅನ್ನುತ್ತಾರೆ. ಯಾಕೆ ಅಂತ ನನಗೂ ಅರ್ಥವಾಗುವುದಿಲ್ಲ."

"ನನ್ನ ಕೈ ನನ್ನದಲ್ಲ" ಎಂದ ಸಿಂಗಣ.

ಮಾಂತ್ರಿಕ ನಕ್ಕ. ಗೆದ್ದೆನೆಂಬ ಸೊಕ್ಕಿನಲ್ಲಿ ಅವನ ನಾಲಗೆ ಸಡಿಲವಾಗಿತ್ತು. ಈ ಕೋಟೆಗೆ ಕತ್ತಿ ತಾಗುವುದಿಲ್ಲ, ನೆರಳು ಯಾರದೋ ಅವರೇ ಇಲ್ಲಿಗೆ ಬಂದು ಕರೆದರೆ ಮಾತ್ರ ತನ್ನ ಹಿಡಿತ ತಪ್ಪುತ್ತದೆ ಎಂದು ಅವನೇ ಹೇಳಿಬಿಟ್ಟ. ಹೋಗು, ಕರೆದುಕೊಂಡು ಬಾ, ನೀನು ನಡೆದು ಬಂದ ದಾರಿಯಲ್ಲಿ ನಿನ್ನ ಹಿಂದೆ ಯಾರು ಬರುತ್ತಾರೋ ನೋಡೋಣ ಎಂದು, ಮತ್ತೊಮ್ಮೆ ನಕ್ಕು, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಿಂಗಣ ಮಂಟಪದಲ್ಲಿ ಕುಳಿತೇ ಇದ್ದ. ಸ್ವಲ್ಪ ಹೊತ್ತಿಗೆ ಬೆರಳು ಬಂತು, ಕೋಟೆಯ ಕಡೆಗೆ ನೂಕಿತು. ಅವನು ಏಳಲಿಲ್ಲ. ಏಳದಿರುವುದು ಸಾಧ್ಯವೆಂದು ಅವನಿಗೆ ಅದುವರೆಗೆ ತಿಳಿದೇ ಇರಲಿಲ್ಲ, ಪ್ರಯತ್ನಪಟ್ಟಿರಲೇ ಇಲ್ಲ. ಬೆರಳು ಜೋರಾಗಿ ನೂಕಿತು. ಮೊಣಕಾಲಿಗೆ ಬೆಂಕಿ ಹೊತ್ತಿದ ಹಾಗಾಯಿತು, ತೋಳಿನ ನರಗಳು ಸೆಟೆದವು. ಅವನು ಕಂಬವನ್ನು ತಬ್ಬಿಕೊಂಡು ಹಲ್ಲು ಕಚ್ಚಿ ಕುಳಿತ.

ಪರದೆಯ ಹೊರಗೆ ವಾಗ್ದೇವಿಗೂ ಗಲಿಬಿಲಿಯಾಯಿತು. ಗುಂಡಿ ಕೆಟ್ಟಿದೆಯೆಂದು ಆಟದ ಪೆಟ್ಟಿಗೆಯನ್ನು ಕುಟ್ಟಿದಳು, ಊದಿದಳು. ಪರದೆಯ ಮೇಲೆ ಆ ಪುಟ್ಟ ಮನುಷ್ಯ ಕಂಬ ತಬ್ಬಿಕೊಂಡು ಕುಳಿತಿರುವುದನ್ನು ನೋಡಿದಳು. ಆಮೇಲೆ ಮೆಲ್ಲಗೆ, ಕೇಳುವವಳ ಹಾಗೆ, ನಾಲ್ಕೂ ದಿಕ್ಕಿನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದಳು.

ಸಿಂಗಣನ ಬೆನ್ನಿಗೆ ಉತ್ತರಕ್ಕೊಂದು ಸಣ್ಣ ತಳ್ಳು ಬಂತು. ಅವನು ಕದಲಲಿಲ್ಲ. ಮೂಡಣಕ್ಕೆ ಬಂತು, ಪಡುವಣಕ್ಕೆ ಬಂತು. ಕದಲಲಿಲ್ಲ. ದಕ್ಷಿಣಕ್ಕೆ ಬಂದಾಗ ಅವನು ಕಂಬ ಬಿಟ್ಟು ಎದ್ದು ನಿಂತ. ಬೆರಳು ಒಂದು ಕ್ಷಣ ತಡೆಯಿತು. ಮತ್ತೆ ದಕ್ಷಿಣಕ್ಕೇ ತಳ್ಳಿತು, ಈ ಸಲ ಮೆತ್ತಗೆ. ಹಾಗೆ ಇಬ್ಬರೂ, ಒಬ್ಬರ ಮುಖ ಒಬ್ಬರು ಕಾಣದೆ, ಬಂದ ದಾರಿಯಲ್ಲೇ ಹಿಂದಿರುಗಿದರು.

ಮೊದಲು ಬೆಟ್ಟ. ಗಂಡಭೇರುಂಡ ಬಂಡೆಯ ಮೇಲೆ ಕುಳಿತಿತ್ತು. ಕೂಗಿ ಕೂಗಿ ಅದರ ಎರಡೂ ಗಂಟಲು ಒಡೆದಿದ್ದವು. ಅವನನ್ನು ಕಂಡದ್ದೇ ರೆಕ್ಕೆ ಬಿಚ್ಚಿ ಮೇಲೆ ಬಂತು. ಬೆರಳು ಹೆದರಿ ಅವನ ಕೈಯನ್ನು ಕತ್ತಿಯ ಹಿಡಿಗೆ ಎಳೆಯಿತು. ಸಿಂಗಣ ಕತ್ತಿಯನ್ನು ಬಿಚ್ಚಿ ನೆಲಕ್ಕೆ ಹಾಕಿ, ಚೀಲಕ್ಕೆ ಕೈಹಾಕಿದ. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಪಕ್ಷಿಯ ಒಂದು ತಲೆ ಅವನ ಭುಜವನ್ನು ಎಲುಬು ಕಾಣುವಷ್ಟು ಕುಕ್ಕಿತು. ಇನ್ನೊಂದು ತಲೆ ಮೊಟ್ಟೆಯನ್ನು ಕಂಡಿತು. ಎರಡೂ ತಲೆಗಳು ಒಂದಕ್ಕೊಂದು ಏನೋ ಹೇಳಿಕೊಂಡವು. ಅವನು ಮೊಟ್ಟೆಯನ್ನು ಗೂಡಿನಲ್ಲಿಟ್ಟು ರಕ್ತ ಸುರಿಯುತ್ತಿದ್ದ ಭುಜವನ್ನು ಹಿಡಿದುಕೊಂಡು ಹಿಂದೆ ಸರಿದ. ಪಕ್ಷಿ ಅವನನ್ನು ಮರೆತು ಮೊಟ್ಟೆಯ ಮೇಲೆ ಕುಳಿತಿತು. ಈ ಗಾಯ ಮಾತ್ರ ಯಾವ ಮಂಟಪದಲ್ಲಿ ಮಲಗಿದರೂ ಮಾಯಲಿಲ್ಲ. ಬೆಟ್ಟದ ಕೆಳಗಿನ ಊರುಗಳಲ್ಲಿ ಅವನು ಒಂದೇ ಕೈಯಲ್ಲಿ ಗರಿ ಹೆಣೆದು ಸೂರು ಹೊದಿಸಿದ. ಬಹಳ ಕಾಲದ ಮೇಲೆ ಅವನಿಗೆ ಗೊತ್ತಿದ್ದ ಕೆಲಸ ಸಿಕ್ಕಿತ್ತು. ನೆರಳು ಕೊಡದ ಸೂರು ಯಾಕಪ್ಪ ಎಂದು ಜನ ಕೇಳಿದರು. ಕೋಟೆಗೆ ಬನ್ನಿ, ನೆರಳನ್ನು ಕರೆದು ತರೋಣ ಎಂದ. ನೋಡೋಣ ಎಂದರು.

ಆಮೇಲೆ ಹೊಳೆ. ಅವನು ಹೋದಾಗ ಕಲ್ಲು ಹಾರುತ್ತಿರಲಿಲ್ಲ. ಗೋಡೆಯ ಎರಡೂ ಕಡೆಯವರು ಕೈಯಲ್ಲಿ ಕಲ್ಲು ಹಿಡಿದುಕೊಂಡೇ ಪೆಚ್ಚಾಗಿ ಕುಳಿತಿದ್ದರು. ಅವರು ಜಗಳದಲ್ಲಿ ಮುಳುಗಿದ್ದಾಗ ಕಾರಿರುಳ ಬಂದು ಹುಣಸೆ ತೋಪಿನ ನೆರಳನ್ನೂ ಸುತ್ತಿಕೊಂಡು ಹೋಗಿದ್ದ. ಯಾವುದಕ್ಕೆ ಹೊಡೆದಾಡುತ್ತಿದ್ದೆವೋ ಅದೇ ಇಲ್ಲ. ಇನ್ನು ಹೊಡೆದಾಡಬೇಕೋ ಬೇಡವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೋಮವ್ವ ಅವನನ್ನು ಗುರುತು ಹಿಡಿದಳು.

"ಕೂತು ಹೋಗು ಅಂದೆ, ಕೂರಲಿಲ್ಲ. ದಾರಿ ತೆರೆದೆ, ಆ ದಾರಿಯಲ್ಲಿ ಯಾರು ಬರ್ತಾರೆ ಅಂತ ನೋಡಲಿಲ್ಲ. ಈಗ ಯಾಕೆ ಬಂದೆ?"

ಅವನು ಕಾರಿರುಳನ ಮಾತನ್ನೆಲ್ಲ ಹೇಳಿ, ಎರಡೂ ದಡದವರು ಕೂಡಿ ಬರಬೇಕೆಂದು ಬೇಡಿಕೊಂಡ. ಹೊಳೆಗೆ ಈಗ ಮೊಸಳೆಯಿಲ್ಲ ನಿಜ, ಆದರೆ ಸೆಳವಿದೆ, ಮುದುಕರೂ ಬಸುರಿಯರೂ ದಾಟುವುದು ಹೇಗೆ ಎಂದು ಅವಳು ಕೇಳಿದಳು. ಅವನು ಹೋಗಿ ಅಡ್ಡಗೋಡೆಯಿಂದ ಒಂದು ಕಲ್ಲು ಕಿತ್ತು, ಹೊತ್ತು, ನೀರಿನಲ್ಲಿಟ್ಟು ಬಂದ. ಇನ್ನೊಂದು ತಂದ. ವಾಗ್ದೇವಿ ಬೇಸರಿಸದೆ ಗುಂಡಿ ಒತ್ತಿದಳು. ಒಂದೇ ಕಲ್ಲು, ಒಂದೇ ದಾರಿ, ಹೋಗುವುದು, ಬರುವುದು. ಅವಳ ಅಂಗಡಿಯ ಮುಂದೆ ಗಿರಾಕಿಗಳು ಕಾದು ನಿಂತಿದ್ದರಂತೆ. ಗಾಯದ ಭುಜದಲ್ಲಿ ಕಲ್ಲು ಹೊರುವವನನ್ನು ನೋಡಿ ನೋಡಿ, ಕೈಯಲ್ಲಿ ಕಲ್ಲು ಹಿಡಿದಿದ್ದ ಒಬ್ಬ ಎದ್ದು ಬಂದು ಅದನ್ನು ನೀರಿಗಿಟ್ಟ. ಆಮೇಲೆ ಆಚೆ ಕಡೆಯ ಒಬ್ಬಳು ಬಂದಳು. ಗೋಡೆ ಕರಗಿತು, ಹೊಳೆಯ ಅಡ್ಡಕ್ಕೆ ಕಾಲುದಾರಿಯಾಯಿತು.

ಕೊನೆಗೆ ಗರಿಹಳ್ಳಿ. ಊರಿನ ಬೀದಿಯಲ್ಲಿ ಬೋಕಿಗಳ ಮೇಲೆಯೇ ನಡೆಯಬೇಕಾಗಿತ್ತು. ತಲೆಪಟ್ಟಿಯ ಹರೆಯದವರು ಅವನನ್ನು ಕಂಡು ಜೈಕಾರ ಹಾಕಿ ಬೆನ್ನು ಹತ್ತಿದರು. ವೀರ ಈಗ ಏನು ಮಾಡುತ್ತಾನೋ ನೋಡಿ ಕಲಿಯುವ ಆಸೆ ಅವರಿಗೆ. ಅವನು ಅಕ್ಕನ ಮನೆಯ ಮುಂದೆ ನಿಂತ. ಬಾಗಿಲು ತೆರೆದೇ ಇತ್ತು. ಹಳೆಯ ರೂಢಿಯಿಂದ ಬೆರಳು ಒಳಕ್ಕೆ ನೂಕಿತು. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಅಕ್ಕಾ, ಒಳಗೆ ಬರಲಾ?"

ಚಂದಲೆ ತಿರುಗಿಸುತ್ತಿದ್ದ ಬೀಸುಕಲ್ಲನ್ನು ನಿಲ್ಲಿಸಲಿಲ್ಲ. "ಬೇಡ" ಎಂದಳು.

ಬೆನ್ನ ಹಿಂದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀರನಿಗೆ ಬೇಡ ಎನ್ನಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇಡ ಎಂದರೆ ವೀರ ನಿಂತುಬಿಡುತ್ತಾನೆ ಎಂದು ಗೊತ್ತಿರಲಿಲ್ಲ. ಸಿಂಗಣ ಹೊಸ್ತಿಲಾಚೆ ಬಿಸಿಲಲ್ಲೇ ನಿಂತ. ಅವಳು ಬೀಸುವುದನ್ನು ಮುಗಿಸಿದಳು, ಹಿಟ್ಟು ತುಂಬಿಟ್ಟಳು, ಒಲೆ ಹಚ್ಚಿದಳು. ಬೆರಳೂ ತಳ್ಳುವುದನ್ನು ಬಿಟ್ಟು ಅವನ ಜೊತೆ ಕಾಯಿತು. ಹೊತ್ತು ಇಳಿಯುವಾಗ ಅವಳು ಬಾಗಿಲಿಗೆ ಬಂದು ಅವನ ಭುಜದ ಗಾಯವನ್ನು ನೋಡಿದಳು.

"ಬಾ" ಎಂದಳು.

ಅವನು ಚೀಲವನ್ನು ಅಂಗಳದಲ್ಲಿ ಕೊಡವಿದ. ಕಾಸು, ಕುಪ್ಪಿ, ಬಾಚಣಿಗೆ, ಕೊಡಲಿ, ಯಾರದೋ ಮೂಗುಬೊಟ್ಟು, ಯಾರದೋ ಉಪ್ಪಿನ ಗಂಟು. ರಾಶಿ ಮನೆಯ ಎತ್ತರಕ್ಕೆ ಬೆಳೆಯಿತು. ಊರಿನವರು ಬಂದು, ಇದು ನನ್ನದು, ಅಲ್ಲ ಅದು ನನ್ನದು ಎಂದು ತಡಕಾಡುತ್ತಾ ಆರಿಸಿಕೊಂಡರು. ಬಿತ್ತನೆಯ ರಾಗಿ ಮಾತ್ರ ಬರಲಿಲ್ಲ, ಅದನ್ನು ಇರುವೆ ಗುಬ್ಬಿಗಳು ಎಂದೋ ತಿಂದಿದ್ದವು. ಅವನು ತಲೆ ತಗ್ಗಿಸಿದ. ಚಂದಲೆ ಅವನ ಗಾಯಕ್ಕೆ ನೋವಿನೆಣ್ಣೆ ಸವರಿದಳು.

ಮರುದಿನ ಒಂದು ವಿಚಿತ್ರ ಕಂಡಿತು. ತಲೆಪಟ್ಟಿಯ ಹರೆಯದವರು ಮನೆಮನೆಯ ಮುಂದೆ ನಿಂತು, ಒಳಗೆ ಬರಲಾ ಎಂದು ಕೇಳುತ್ತಿದ್ದರು. ಬೇಡ ಎಂದರೆ ಅಲ್ಲೇ ನಿಲ್ಲುತ್ತಿದ್ದರು. ಊರಿನ ಹೆಂಗಸರು ಅವರಿಗೆ ನೀರು ಕೊಟ್ಟು ಕಳಿಸಿದರು. ಸಿಂಗಣ ಕೋಟೆಯ ವಿಷಯ ಹೇಳಿದಾಗ ಮೊದಲು ಸೆರಗು ಬಿಗಿದವಳು ಚಂದಲೆ.

"ನಿನಗೋಸ್ಕರ ಬರ್ತಿಲ್ಲ. ನನ್ನ ಹಿತ್ತಲಿನ ಬೇವಿನ ನೆರಳು ಅಲ್ಲಿದೆ, ಅದಕ್ಕೆ ಬರ್ತಿದ್ದೀನಿ" ಎಂದಳು.

ಹೀಗೆ ಗರಿಹಳ್ಳಿ ಹೊರಟಿತು. ಕಲ್ಲಿನ ಕಾಲುದಾರಿಯಲ್ಲಿ ಹೊಳೆ ದಾಟಿತು. ಎರಡೂ ದಡದವರು ಸೇರಿಕೊಂಡರು, ಬೆಟ್ಟದ ಊರಿನವರು ಸೇರಿಕೊಂಡರು. ಸುದ್ದಿ ಕೇಳಿ ರಾಜನೂ ರಾಣಿಯೂ ಬಂದರು. ದನಗಳು ಬಂದವು, ಕುರಿಗಳು ಬಂದವು. ಮೇಲೆ ಗಂಡಭೇರುಂಡ, ಪಕ್ಕದಲ್ಲಿ ಅದರ ಹೊಸ ಮರಿ. ಉತ್ತರದ ಬಯಲು ತುಂಬಿ ಹೋಯಿತು. ಬಂದವರಿಗೆ ನೆರಳನ್ನು ಹೇಗೆ ಕರೆಯಬೇಕೆಂಬುದೇ ಗೊತ್ತಿರಲಿಲ್ಲ. ನೆರಳಿಗೇನು ಹೆಸರಿಟ್ಟಿರುತ್ತೇವೆಯೇ? ಕೊನೆಗೆ ಸೋಮವ್ವ, ಮೊಮ್ಮಕ್ಕಳನ್ನು ಊಟಕ್ಕೆ ಕರೆಯುವ ದನಿಯಲ್ಲಿ, ಬಾರೇ ನನ್ನ ನೆರಳೇ ಎಂದು ಕೂಗಿದಳು.

ಕೋಟೆಯ ಗೋಡೆಯಿಂದ ಒಂದು ಪದರ ಕಳಚಿ, ನೆಲದ ಮೇಲೆ ಹರಿದುಬಂದು ಅವಳ ಕಾಲಿಗೆ ಅಂಟಿಕೊಂಡಿತು.

ಆಮೇಲೆ ಎಲ್ಲರೂ ಕೂಗಿದರು. ದನಗಳು ಅಂಬಾ ಎಂದವು. ಮರಗಳ ಪರವಾಗಿ ಅವುಗಳ ಕೆಳಗೆ ಕೂತೆದ್ದವರು ಕೂಗಿದರು, ಗೋಡೆಗಳ ಪರವಾಗಿ ಕಟ್ಟಿದವರು ಕೂಗಿದರು. ಎಲ್ಲರೂ ಒಟ್ಟಿಗೇ ಕೂಗಿದ್ದರಿಂದ ನೆರಳುಗಳಿಗೂ ಗೊಂದಲವಾಯಿತು. ರಾಜನ ಕಾಲಿಗೆ ಕೋಣದ ನೆರಳು ಅಂಟಿತು, ಒಂದು ಕುರಿ ತಾಳೆಮರದ ನೆರಳನ್ನು ಎಳೆದುಕೊಂಡು ಹೋಯಿತು. ಜನ ನಗುತ್ತಾ ಅದಲುಬದಲು ಮಾಡಿಕೊಂಡರು. ಕೋಟೆ ಕುಗ್ಗಿತು, ಕುಗ್ಗಿತು, ಕೊನೆಗೆ ಒಬ್ಬ ಮನುಷ್ಯನ ಅಗಲದ ಒಂದು ತುಂಡು ಕತ್ತಲು ಉಳಿಯಿತು. ಅದರೊಳಗೆ ಕಾರಿರುಳ ನಿಂತಿದ್ದ. ಅದು ಸಿಂಗಣನ ನೆರಳು.

ಸಿಂಗಣ ಕರೆದ. ಅದು ಬರಲಿಲ್ಲ. ಬೆರಳು ಅವನನ್ನು ಮುಂದೆ ನೂಕಿತು, ಹಿಂದೆ ಎಳೆಯಿತು, ಅದಕ್ಕೂ ಏನು ಮಾಡಬೇಕೆಂದು ತಿಳಿಯಲಿಲ್ಲ.

"ಯಾರ ಕೈಯ ನೆರಳನ್ನು ಕರೆಯುತ್ತೀ?" ಎಂದು ಒಳಗಿನಿಂದ ಕಾರಿರುಳ ಕೇಳಿದ. "ಆ ಕೈ ನಿನ್ನದಲ್ಲ ಎಂದು ನೀನೇ ಹೇಳಿದ್ದೆ."

ಸಿಂಗಣ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಮೊಸಳೆಯನ್ನು ಸೀಳಿದ ಕೈ, ಕಲ್ಲು ಹೊತ್ತ ಕೈ. ನೂಕಿದವರು ಯಾರೆಂದು ಅವನಿಗೆ ಈಗಲೂ ಗೊತ್ತಿರಲಿಲ್ಲ. ಎಷ್ಟು ತನ್ನದು, ಎಷ್ಟು ಬೆರಳಿನದು ಎಂದು ಬಿಡಿಸಿ ಹೇಳಲು ಅವನಿಂದ ಆಗುತ್ತಿರಲಿಲ್ಲ.

"ನನ್ನದೇ" ಎಂದ. "ಮಡಕೆ ಒಡೆದ ಕೈಯೂ ನನ್ನದೇ. ಬಾ."

ನೆರಳು ಮಾಂತ್ರಿಕನ ಮೈಯಿಂದ ಜಾರಿ, ತಪ್ಪು ಮಾಡಿದ ನಾಯಿಯ ಹಾಗೆ ನಿಧಾನವಾಗಿ ಬಂದು ಸಿಂಗಣನ ಪಾದಕ್ಕೆ ತಾಗಿ ಮಲಗಿತು. ಕಾರಿರುಳನಿದ್ದಲ್ಲಿ ಏನೂ ಉಳಿಯಲಿಲ್ಲ, ಒಂದು ಜೊತೆ ಚಪ್ಪಲಿಯ ಹೊರತು. ಇತರರ ನೆರಳನ್ನು ಬಿಟ್ಟರೆ ಅವನಲ್ಲಿ ಬೇರೇನೂ ಇರಲೇ ಇಲ್ಲವೋ ಏನೋ, ಅದನ್ನು ಹವಳಾವತಿಯ ಜನ ಇವತ್ತಿಗೂ ವಾದಿಸುತ್ತಾರೆ.

ಪರದೆಯ ಮೇಲೆ ಆಟ ಮುಗಿಯಿತೆಂಬ ಅಕ್ಷರಗಳು ಬಂದವು. ವಾಗ್ದೇವಿ ಆಟದ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದಳು.

ಸಿಂಗಣನ ಬೆನ್ನು ಹಗುರವಾಯಿತು. ಅವನು ಕಾದ. ಬೆರಳು ಬರಲಿಲ್ಲ. ಜನರೆಲ್ಲ ತಮ್ಮ ತಮ್ಮ ನೆರಳನ್ನು ಕರೆದುಕೊಂಡು ಹೊರಟರೂ ಅವನು ಬಯಲಿನಲ್ಲೇ ನಿಂತಿದ್ದ. ಎಡಗಾಲು ಎತ್ತಬೇಕೋ ಬಲಗಾಲೋ ಅವನಿಗೆ ಗೊತ್ತಾಗಲಿಲ್ಲ. ಮುಂದೆ ಹೋಗಿದ್ದ ಚಂದಲೆ ತಿರುಗಿ ನೋಡಿದಳು, ಕರೆಯಲಿಲ್ಲ. ಬಹಳ ಹೊತ್ತಾದ ಮೇಲೆ ಅವನು ಬಲಗಾಲು ಎತ್ತಿದ. ಒಂದು ಕವಲಿನಲ್ಲಿ ಯಾಕೋ ಇಷ್ಟವಾಯಿತೆಂದು ಪಡುವಣದ ದಾರಿ ಹಿಡಿದ. ಅದು ಮುಳ್ಳುಕಂಟಿಗಳಿಗೆ ಹೋಗಿ ಮುಗಿಯಿತು. ಹಿಂದಿರುಗಿ ಇನ್ನೊಂದು ಹಿಡಿದ, ಅದೂ ಸುತ್ತು ದಾರಿ. ಎಲ್ಲರೂ ಊರು ಸೇರಿ ಎಷ್ಟೋ ದಿನಗಳಾದ ಮೇಲೆ, ಬಟ್ಟೆ ಹರಿದು, ಮೈಯೆಲ್ಲ ತರಚಿಕೊಂಡು, ಗರಿಹಳ್ಳಿಗೆ ಬಂದ. ಚಂದಲೆ ಬೇವಿನ ಮರದ ಕೆಳಗೆ ರಾಗಿ ಕೇರುತ್ತಿದ್ದಳು.

"ಇಷ್ಟು ದಿನ ಎಲ್ಲಿದ್ದೆ? ಮತ್ತೆ ಯಾರು ಎಳಕೊಂಡು ಹೋದರು?" ಎಂದು ಕೇಳಿದಳು.

"ಯಾರೂ ಇಲ್ಲ ಅಕ್ಕ" ಎಂದು ಅವನು ಅವಳ ಪಕ್ಕದಲ್ಲಿ ಕುಳಿತುಕೊಂಡ. ಅವನ ಮುಖ ಅರಳಿತ್ತು. "ದಾರಿ ತಪ್ಪಿದೆ. ನಾನೇ ತಪ್ಪಿದೆ."

ಅಂದಿನಿಂದ ಹವಳಾವತಿಯಲ್ಲಿ ಮರಗಳ ಕೆಳಗೆ ಮಧ್ಯಾಹ್ನ ತಂಪಾಗಿತ್ತು, ಚಪ್ಪರಗಳ ಕೆಳಗೆ ಮದುವೆಗಳಾದವು, ಕೂಸುಗಳು ಒದ್ದೆ ಬಟ್ಟೆಯಿಲ್ಲದೆ ನಿದ್ದೆಹೋದವು. ಅವರವರ ನೆರಳಲ್ಲಿ ಅವರವರು ಸುಖವಾಗಿದ್ದಾರೆ. ಕತೆ ಕೇಳಿದ ನಮ್ಮ ನೆರಳೂ ನಮ್ಮ ಕಾಲಡಿಯಲ್ಲೇ ಇದೆ.